ಎರಡನೇ ಡ್ರಾಯರ್

ಹನ್ನೊಂದನೇ ತಾರೀಖು, ಮಂಗಳವಾರ
ಅಂಗಡಿಯ ಮೇಜಿನಿಂದ

ಮೌನಿಬಾಬಾ ಅವರ ಸನ್ನಿಧಾನಕ್ಕೆ,

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ವಾಡಿಕೆ. ಆದರೆ ಪರೀಕ್ಷೆ ಮಾಡದೆ ಯಾವುದರ ಮೇಲೂ ‘ಸರಿಯಿದೆ’ ಎಂದು ಚೀಟಿ ಅಂಟಿಸಬಾರದು ಅಂತ ಈ ಅಂಗಡಿ ಕಟ್ಟಿದ, ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮೀಟರಜ್ಜ ಹೇಳಿ ಹೋಗಿದ್ದಾರೆ. ಅದಕ್ಕೆ ಆ ಸಾಲನ್ನು ಬಿಟ್ಟಿದ್ದೇನೆ. ನಾವು ಬೇರೆಯಾದ ದಿನ ನನ್ನಣ್ಣ, “ಸಾಮಾನಿನ ವಿಷ್ಯ ಏನೇ ಇದ್ರೂ ಬರೆದು ಕಳಿಸ್ಕೊಳ್ಳಿ, ಫೋನು ಮಾತ್ರ ಬೇಡ” ಎಂದು ತಾಕೀತು ಮಾಡಿದ್ದ. ಅವನ ಮಾತಿನಲ್ಲೂ ಹುರುಳಿದೆ. ಫೋನು ಎತ್ತಿದರೆ ನಾನು ಕೂಗುತ್ತೇನೆ, ನೀವು ಸುಮ್ಮನಾಗುತ್ತೀರಿ, ಕೊನೆಗೆ ಯಾರು ಮೊದಲು ಇಟ್ಟರು ಎಂಬುದೇ ಹೊಸ ಜಗಳವಾಗುತ್ತದೆ. ಈ ಪತ್ರ ಸಾಮಾನಿನ ವಿಷಯಕ್ಕೆ. ಬೇರೇನೂ ಅಂದುಕೊಳ್ಳಬೇಡಿ.

ಗುಜರಿ ಅಂಗಡಿಯ ಅಕ್ಕ ಮೊನ್ನೆ ಒಂದು ಸುದ್ದಿ ಹೇಳಿದರು. “ನಿಮ್ಮನೆಯವ್ರು ಆ ದೊಡ್ಡ ಪೆಟ್ಟಿಗೇನ ಸಿನಿಮಾ ಸೆಟ್ಟಿನವ್ರಿಗೆ ಕೊಡ್ತಿದಾರಂತಲ್ಲ? ಈ ತಿಂಗಳ ಕಡೇ ಭಾನುವಾರ ಬಂದು ಒಯ್ತಾರಂತೆ. ಒಳಗಿನ ಟ್ಯೂಬು ಗೀಬು ಎಲ್ಲ ಕಿತ್ತಾಕಿ, ಗಾಜಿನ ಹಿಂದೆ ಹಸಿರು ಬಲ್ಬು ಇಡ್ತಾರಂತೆ. ಯಾವ್ದೋ ಹುಚ್ಚು ವಿಜ್ಞಾನಿ ರೂಮಿಗಂತೆ” ಎಂದರು. ನಾನು ನಗಲೂ ಇಲ್ಲ, ಅಳಲೂ ಇಲ್ಲ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅವರ ತಕ್ಕಡಿಯಲ್ಲೇ ಬಿಟ್ಟು ಬಂದೆ. ಕಣ್ಣಿಗೆ ಕಾಣದ ಕರೆಂಟಿನ ಏರಿಳಿತವನ್ನೆಲ್ಲ ಹಸಿರು ಗೆರೆಯಾಗಿ ಬರೆದು ತೋರಿಸುತ್ತಿದ್ದ ನಮ್ಮ ಸ್ಕೋಪು, ಹುಚ್ಚನ ಬೆನ್ನ ಹಿಂದೆ ಸುಮ್ಮನೆ ಮಿಣುಕುವ ದೀಪವಾಗಬೇಕೇ? ನೀವು ಒಪ್ಪಿದ್ದು ನಿಜವೇ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮಗೆ ಕೂಸಿಲ್ಲ, ಸ್ಕೋಪು ಬಡವಾಯಿತು. ಅಣ್ಣ ನಮ್ಮ ನಡುವೆ ಕುಳಿತು ಒಂದೊಂದೇ ಸಾಮಾನಿನ ಹೆಸರು ಹೇಳಿ ಹಂಚಿದ್ದು ನೆನಪಿದೆಯಲ್ಲ? ಸ್ಕೋಪಿನ ಪೆಟ್ಟಿಗೆ ನಿಮಗೆ ಎಂದ. ಮೇಜು ನನಗೆ ಎಂದ. ಆಮೇಲೆ, “ಡ್ರಾಯರ್ ಬೇರೆ ಎರಡಿದೆಯಂತಲ್ಲ? ಮೇಜು ಅವಳಿಗೆ ಅಂದ್ಮೇಲೆ ಡ್ರಾಯರೂ ಅವಳಿಗೇ, ಅದರಲ್ಲಿ ಕೇಳೋದೇನಿದೆ” ಎಂದು ತೀರ್ಪು ಕೊಟ್ಟೇಬಿಟ್ಟ. ಪಾಪ, ಅವನಿಗೇನು ಗೊತ್ತು? ಸ್ಕೋಪಿನ ಹೊಟ್ಟೆಯೊಳಗೆ ಜಾರಿ ಕೂರುವ ಎರಡು ಆಂಪ್ಲಿಫೈಯರುಗಳನ್ನು ಡ್ರಾಯರ್ ಎಂದು ಕರೆಯುವವರು ಲೋಕದಲ್ಲಿ ನಾವಿಬ್ಬರೇ ಇರಬೇಕು. ಅವಿಲ್ಲದೆ ಪೆಟ್ಟಿಗೆಯ ಗಾಜಿನ ಮೇಲೆ ಗೆರೆ ಮೂಡುವುದಿಲ್ಲ. ಪೆಟ್ಟಿಗೆಯಿಲ್ಲದೆ ಅವುಗಳಿಗೆ ಮನೆಯಿಲ್ಲ. ನಾನು ನಿಮ್ಮ ಮುಖ ನೋಡಿದೆ, ನೀವು ಗೋಡೆ ನೋಡಿದಿರಿ. ಅಣ್ಣನ ತಪ್ಪನ್ನು ಇಬ್ಬರಲ್ಲಿ ಒಬ್ಬರೂ ತಿದ್ದಲಿಲ್ಲ.

ಇರಲಿ. ಈಗ ಅಸಲು ವಿಷಯಕ್ಕೆ ಬರುತ್ತೇನೆ. ಊರಾಚೆಯ ತರಬೇತಿ ಕೇಂದ್ರವೊಂದನ್ನು ಮುಚ್ಚಿ, ಅದರ ಲ್ಯಾಬಿನ ಸಾಮಾನನ್ನೆಲ್ಲ ಗುಜರಿಗೆ ಹಾಕಿದ್ದಾರೆ. ತಾಮ್ರದ ಆಸೆಗೆ ಒಡೆದು ಹಾಕುವ ಮೊದಲೇ ಓಡಿದೆ. ಮೂಗು ತೂರಿಸುವುದು ನನ್ನ ಹುಟ್ಟುಗುಣ. ನನಗೆ ತನಿಖಾಧಿಕಾರಿ ಎಂದು ಹೆಸರಿಟ್ಟವರೇ ನೀವು, ಹೊಸದಾಗಿ ಹೇಳಬೇಕಾಗಿಲ್ಲ. ಹಳೆಯ ಫ್ಯಾನುಗಳ ರಾಶಿಯ ಕೆಳಗಿನಿಂದ ಎರಡು ಹೈವೋಲ್ಟೇಜ್ ಪವರ್ ಸಪ್ಲೈ, ಒಂದು ಸಿಗ್ನಲ್ ಜನರೇಟರ್, ಮತ್ತೆ ಒಂದು ವಾಲ್ವ್ ವೋಲ್ಟ್‌ಮೀಟರು ಎಳೆದು ತಂದೆ. ಅಕ್ಕ ಎಲ್ಲವನ್ನೂ ಕಬ್ಬಿಣದ ಲೆಕ್ಕದಲ್ಲಿ ತೂಗಿದರು. ವೋಲ್ಟ್‌ಮೀಟರಿನ ಗಾಜು ಒಡೆದಿರಲಿಲ್ಲ, ಮುಳ್ಳಿನ ಕೆಳಗಿನ ಕನ್ನಡಿ ಕೂಡ ಹಾಗೇ ಇತ್ತು. ಮುಳ್ಳು ಮತ್ತು ಅದರ ಬಿಂಬ ಒಂದಾಗುವಂತೆ ಬಗ್ಗಿ ನೋಡಿದಾಗ ಕನ್ನಡಿಯಲ್ಲಿ ನನ್ನದೇ ಕಣ್ಣು ಕಂಡಿತು. ಎಷ್ಟೋ ದಿನದ ಮೇಲೆ ಹಾಗೆ ಬಗ್ಗಿ ನೋಡಿದ್ದೆ.

ಎಲ್ಲವನ್ನೂ ಅಳೆಯುವ ಮೀಟರನ್ನು ಮೊದಲು ಅಳೆಯಬೇಕಲ್ಲ. ಟಾರ್ಚಿನ ಹೊಸ ಶೆಲ್ಲುಗಳನ್ನು ಸಾಲಾಗಿ ಜೋಡಿಸಿ, ಒಂದು ಶೆಲ್ಲು, ಎರಡು, ಮೂರು ಎಂದು ಕೊಡುತ್ತಾ ಹೋದೆ. ಮುಳ್ಳು ಅರ್ಧದ ತನಕ ಬಂದು ಅಲ್ಲೇ ಮುಷ್ಕರ ಹೂಡಿತು. ಬಿಚ್ಚಿ ನೋಡಿದರೆ ಜೇಡ! ಮುಳ್ಳಿನ ದಾರಿಗೆ ಅಡ್ಡಲಾಗಿ ಬಲೆ ಕಟ್ಟಿ, ಸಂಸಾರ ನಡೆಸಿ, ಖಾಲಿ ಮಾಡಿಕೊಂಡು ಹೋಗಿದೆ. ಸಣ್ಣ ಬ್ರಷ್ಷಿನಿಂದ ಬಲೆ ತೆಗೆದೆ. ಈಗ ಮುಳ್ಳು ಕೊನೆಯ ತನಕ ಓಡುತ್ತದೆ, ಕೊಟ್ಟ ಲೆಕ್ಕ ಸರಿಯಾಗಿ ಒಪ್ಪಿಸುತ್ತದೆ.

ಪವರ್ ಸಪ್ಲೈಗಳನ್ನು ನೀವು ಮಾಡುತ್ತಿದ್ದ ಹಾಗೆಯೇ ಸೀರೀಸ್ ಬೋರ್ಡಿನ ಮೂಲಕ ಹಚ್ಚಿದೆ. ಬೋರ್ಡಿನ ಬಲ್ಬು ಒಮ್ಮೆ ಝಗ್ಗೆಂದು ಆಮೇಲೆ ಮೆಲ್ಲಗೆ ಮಂಕಾದರೆ ಒಳ್ಳೆಯದು, ಉರಿದದ್ದು ಉರಿದಂತೆಯೇ ಇದ್ದರೆ ಒಳಗೆ ಎಲ್ಲೋ ಶಾರ್ಟು. ಮೊದಲನೆಯದು ಮಂಕಾಯಿತು. ಎರಡನೆಯದು ಉರಿಯಿತು, ಗೊರ್ರೆಂದಿತು, ಸುಟ್ಟ ಮೇಣದ ವಾಸನೆ ಬಿಟ್ಟಿತು. ಕಂಡೆನ್ಸರ್ ಸತ್ತಿತ್ತು, ಬದಲಿಸಿದೆ. ಇಷ್ಟು ವರ್ಷ ಮಲಗಿದ್ದ ಯಂತ್ರಕ್ಕೆ ಒಮ್ಮೆಲೇ ಪೂರ್ತಿ ಕರೆಂಟು ಕೊಟ್ಟರೆ ಎದೆಯೊಡೆದು ಹೋಗುತ್ತದೆ ಎಂದು ಡಿಮ್ಮರ್‌ಸ್ಟಾಟ್ ತಿರುಗಿಸಿ ದಿನಕ್ಕಿಷ್ಟು ಎಂದು ಏರಿಸಿದೆ. ಆ ಕೆಲಸಕ್ಕೆ ನನಗೆ ತಾಳ್ಮೆಯಿಲ್ಲ ಎಂದು ನೀವು ಅನ್ನುತ್ತಿದ್ದಿರಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ತಾಳ್ಮೆ ತಾನಾಗಿ ಬರುತ್ತದೆ.

ಇಷ್ಟೆಲ್ಲ ಯಾಕೆಂದರೆ, ಪೆಟ್ಟಿಗೆಯಿಲ್ಲದೆಯೂ ಡ್ರಾಯರುಗಳಿಗೆ ಜೀವ ಬರುತ್ತದೆಯೇ ಎಂದು ನೋಡುವ ಆಸೆಯಾಯಿತು. ಡ್ರಾಯರಿನ ಬೆನ್ನಿಗಿರುವ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಎಂದು ಹುಡುಕಿ, ಹೊರಗಿನಿಂದಲೇ ಕರೆಂಟು ಕೊಟ್ಟು, ಮುಂದಿನ ಬಾಯಿಗೆ ಸಣ್ಣ ಸಿಗ್ನಲ್ಲು ಉಣಿಸಿದೆ. ಒಂದನೇ ಡ್ರಾಯರ್ ಅದನ್ನು ಹಿಗ್ಗಿಸಿ ಆಚೆ ಕೊಟ್ಟಿತು, ಮುಳ್ಳು ಎದ್ದು ನಿಂತಿತು. ಎರಡನೆಯದು ಮಿಸುಕಲಿಲ್ಲ.

ಅದು ಕೆಟ್ಟದ್ದೆಂದು ನಮಗೆ ಮೊದಲೇ ಗೊತ್ತಿತ್ತಲ್ಲ. ಅದು ಕೆಟ್ಟಿದ್ದಕ್ಕೇ ಅಲ್ಲವೇ ನಾನು ಈ ಅಂಗಡಿಗೆ ಕಾಲಿಟ್ಟದ್ದು? ಎರಡು ಡ್ರಾಯರೂ ಸರಿಯಿದ್ದರೆ ಗಾಜಿನ ಮೇಲೆ ಎರಡು ಗೆರೆ ಒಟ್ಟಿಗೆ ಕಾಣುತ್ತವೆ, ಹೋಲಿಸಿ ನೋಡಲು ಒಬ್ಬರೇ ಸಾಕು. ಒಂದೇ ಗೆರೆಯಾದರೆ ಪ್ರೋಬಿನ ಮೊನೆಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಡಲು ಇನ್ನೊಬ್ಬರು ಬೇಕು. ಹಾಗಾಗಿ ಅಜ್ಜ, “ಎರಡನೇ ಡ್ರಾಯರ್ ರಿಪೇರಿ ಆಗೋ ತನಕ ಇರು ತಾಯಿ, ಆಮೇಲೆ ಬೇರೆ ಕಡೆ ನೋಡ್ಕೊಳ್ಳುವಿಯಂತೆ” ಎಂದು ನನ್ನನ್ನು ಸೇರಿಸಿಕೊಂಡರು. ಸುಟ್ಟುಹೋಗಿದ್ದದ್ದು ಒಳಗಿನ ಒಂದು ಗಾಜಿನ ವಾಲ್ವು, ರಿಪೇರಿಯ ಹೊಣೆ ನಿಮ್ಮದು. ಅಜ್ಜ ಕೇಳಿದಾಗಲೆಲ್ಲ ನೀವು “ಆ ವಾಲ್ವು ಎಲ್ಲೂ ಸಿಗ್ತಿಲ್ಲ” ಎನ್ನುತ್ತಿದ್ದಿರಿ. ಊರಿನ ಎಲ್ಲ ಯಂತ್ರ ಎಬ್ಬಿಸುವವರಿಗೆ ಅದೊಂದು ಆಗಲಿಲ್ಲವಲ್ಲ ಎಂದು ನಾನು ಮದುವೆಯಾದ ಮೇಲೂ ಎಷ್ಟು ಚುಡಾಯಿಸಿದ್ದೇನೆ!

ಈಗ ಕೇಳಿ. ಸಿಗ್ನಲ್ಲು ಎಲ್ಲಿಯ ತನಕ ಬರುತ್ತದೆ ಎಂದು ಬೆನ್ನು ಹತ್ತಿದೆ. ಮೂರನೇ ವಾಲ್ವಿನ ಬಾಗಿಲ ತನಕ ಬಂದು ನಿಂತಿದೆ. ವಾಲ್ವನ್ನು ಕಿತ್ತು ಟೆಸ್ಟರಿಗೆ ಹಾಕಿದರೆ ಅದು ಗಟ್ಟಿಮುಟ್ಟಾಗಿದೆ. ಅಷ್ಟೇ ಅಲ್ಲ, ಅಕ್ಕಪಕ್ಕದ ವಾಲ್ವುಗಳ ಮೇಲಿರುವ ಗುರುತು ಇದರ ಮೇಲಿಲ್ಲ, ಬೇರೆ ಕಂಪನಿಯದು. ಅಂದರೆ ಕೆಟ್ಟದ್ದನ್ನು ತೆಗೆದು ಯಾರೋ ಹೊಸದನ್ನು ಹಾಕಿದ್ದಾರೆ! ಹಾಗಾದರೆ ಮತ್ತೇಕೆ ಸತ್ತಿದೆ ಎಂದು ಇನ್ನೂ ಒಳಗೆ ಇಣುಕಿದೆ. ಆ ವಾಲ್ವಿಗೆ ಕರೆಂಟು ಹೋಗುವ ಒಂದೇ ಒಂದು ತಂತಿಯನ್ನು ಬೆಸುಗೆ ಕರಗಿಸಿ ಬಿಚ್ಚಿದ್ದಾರೆ. ಕಿತ್ತಿಲ್ಲ, ಕತ್ತರಿಸಿಲ್ಲ. ತುದಿಗೆ ಸಣ್ಣ ಕೊಳವೆಯಂಥ ಸ್ಲೀವ್ ತೊಡಿಸಿ, ಮಡಿಸಿ, ಪಕ್ಕಕ್ಕೆ ಮಲಗಿಸಿದ್ದಾರೆ. ಅಜ್ಜ ಇಟ್ಟಿದ್ದ ನಿಯಮ ನೆನಪಾಯಿತು. ಯಾರೇ ತಂತಿ ಬಿಚ್ಚಿದರೂ ಕೆಂಪು ಸ್ಲೀವ್ ಹಾಕಬೇಕು, ಇದು ಕಳಚಿಕೊಂಡದ್ದಲ್ಲ, ಬೇಕೆಂದೇ ಬಿಚ್ಚಿದ್ದು ಅಂತ ನೋಡಿದವರಿಗೆ ತಿಳಿಯಬೇಕು.

ಮೊದಲು ರಿಪೇರಿ ಮಾಡಿ, ಆಮೇಲ್ಯಾಕೆ ಕೆಡಿಸುತ್ತಾರೆ? ಇದು ನನ್ನ ತಲೆಯಲ್ಲಿ ಹುಳದಂತೆ ಕೊರೆಯುತ್ತಿದೆ. ಇಲಿಯ ಕೆಲಸ ಎನ್ನೋಣವೆಂದರೆ ಇಲಿಗೆ ಬೆಸುಗೆ ಬಾರದು. ಅಜ್ಜನೇ ಮಾಡಿದರೇ? ನಾನು ಬರುವ ಮೊದಲು ಕೆಲಸ ಬಿಟ್ಟು ಹೋದ ಆ ಗೊಣಗಣ್ಣ ಸಿಟ್ಟಿಗೆ ಮಾಡಿದನೇ? ನಿಮಗೇನಾದರೂ ಗೊತ್ತಿದ್ದರೆ ಬರೆಯಿರಿ. ತಂತಿಯನ್ನು ಇನ್ನೂ ಮುಟ್ಟಿಲ್ಲ. ಇದರ ಉತ್ತರ ಸಿಗುವ ತನಕವಾದರೂ ಪೆಟ್ಟಿಗೆ ಮಾರಬೇಡಿ. ಎರಡನೇ ಡ್ರಾಯರ್ ಎದ್ದರೆ ಅದರ ಗೆರೆ ನೋಡಲು ಜಗತ್ತಿನಲ್ಲಿರುವುದು ಅದೊಂದೇ ಪೆಟ್ಟಿಗೆ.

ಬೇರೆಯಾಗುವ ಮುಂಚೆ ಒಂದು ದಿನ ನಾನು “ನಾನಿಲ್ಲಿ ಇರ್ಲಾ, ಹೋಗ್ಲಾ?” ಎಂದು ಕೇಳಿದ್ದಕ್ಕೆ ನೀವು ಸೋಲ್ಡರಿಂಗ್ ಕಡ್ಡಿಯ ತುದಿ ಒರೆಸುತ್ತಾ “ನಿನ್ನಿಷ್ಟ” ಎಂದಿರಿ. ಆ ಮಾತನ್ನು ಇಲ್ಲಿ ಎತ್ತುವುದಿಲ್ಲ. ಇದು ಸಾಮಾನಿನ ಪತ್ರ.

‘ಇಂತಿ ನಿಮ್ಮ’ ಎನ್ನಬಹುದೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲವಾದ್ದರಿಂದ, ಬರೀ

ಇಂತಿ,
ತನಿಖಾಧಿಕಾರಿ

ವಿ.ಸೂ.: ಸಿನಿಮಾದವರು ಹಸಿರು ಬಲ್ಬು ಹುಡುಕಿಕೊಂಡು ಇತ್ತ ಬಂದರೆ ಇಲ್ಲ ಎನ್ನುತ್ತೇನೆ. ಇದ್ದರೂ ಇಲ್ಲ ಎನ್ನುತ್ತೇನೆ.


ಹದಿನೇಳನೇ ತಾರೀಖು, ಸೋಮವಾರ

ತನಿಖಾಧಿಕಾರಿಗೆ,

ನಿನ್ನ ಪತ್ರ ಬಂತು. ಓದಿದೆ.

ಪೆಟ್ಟಿಗೆ ಮಾರುತ್ತಿರುವುದು ನಿಜ. ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ಪೆಟ್ಟಿಗೆ. ಕುರ್ಚಿ ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಸದ್ಯ ಅದರ ಮೇಲೆ ಚಹಾ ಲೋಟ ಇಡುತ್ತಿದ್ದೇನೆ, ಅಜ್ಜ ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಡ್ರಾಯರಿಲ್ಲದ ಪೆಟ್ಟಿಗೆ ಇಟ್ಟುಕೊಂಡು ನಾನೇನು ಮಾಡಲಿ? ನಿನ್ನಣ್ಣನದು ತಪ್ಪಿಲ್ಲ. ಡ್ರಾಯರ್ ಎಂದರೆ ಲೋಕಕ್ಕೆಲ್ಲ ಮೇಜಿನದೇ.

ಇಲ್ಲಿ ಕಾರ್ಖಾನೆಯ ತೂಕದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಹೊಸ ಯಂತ್ರಗಳು. ಅಂಕಿ ತಾನೇ ಹೊಳೆಯುತ್ತದೆ, ಓದಿ ಕೂಗಿ ಹೇಳುವವರು ಬೇಕಿಲ್ಲ. ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಹೊತ್ತು ಹೋಗುವುದಿಲ್ಲ.

ಜೇಡದ ವಿಷಯ ಓದಿ ನಗು ಬಂತು. ಮೇಲ್ವಿಚಾರಕರು ಯಾಕೆ ನಗ್ತೀರಿ ಎಂದು ಕೇಳಿದರು. ಜೇಡ ಎಂದೆ. ಅವರು ತಲೆಯೆತ್ತಿ ಸೂರು ನೋಡಿದರು.

ಪವರ್ ಸಪ್ಲೈಯನ್ನು ಚೆನ್ನಾಗಿ ಎಬ್ಬಿಸಿದ್ದೀಯ. ಬದಲಿಸಿದ ಕಂಡೆನ್ಸರ್ ಬಿಸಿಯಾಗುತ್ತದೆಯೇ ಎಂದು ಆರಿಸಿದ ಮೇಲೆ ಮುಟ್ಟಿ ನೋಡು. ಆರಿಸಿದ ಕೂಡಲೇ ಒಳಗೆ ಕೈ ಹಾಕಬೇಡ, ಕಂಡೆನ್ಸರುಗಳು ತಮ್ಮ ಕರೆಂಟು ಇಟ್ಟುಕೊಂಡಿರುತ್ತವೆ. ಉರಿಯುತ್ತಿರುವಾಗ ಅಳೆಯುವುದಾದರೆ ಒಂದು ಕೈ ಬೆನ್ನ ಹಿಂದಿರಲಿ. ನಿನಗೆ ಎರಡೂ ಕೈಯಾಡಿಸುವ ಅಭ್ಯಾಸ.

ತಂತಿಯ ವಿಷಯ ನನಗೇನೂ ಗೊತ್ತಿಲ್ಲ. ಹಳೆಯ ಯಂತ್ರ, ಎಷ್ಟೋ ಕೈ ದಾಟಿ ಬಂದದ್ದು. ಆದರೂ ಜೋಪಾನ. ಆ ಹಳದಿ ಸ್ಲೀವನ್ನು ಯಾವ ಕಾರಣಕ್ಕೂ ಬರಿಗೈಯಲ್ಲಿ ಎಳೆಯಬೇಡ. ಬಿಚ್ಚಿದ ತುದಿ ವಾಲ್ವಿನ ಕಡೆಯದಲ್ಲ, ಸಪ್ಲೈ ಕಡೆಯದು. ಸ್ಲೀವ್ ಹಳೆಯದಾಗಿ ಒಡೆದಿದ್ದರೆ ಮುಟ್ಟಿದವರನ್ನು ಬಿಡುವುದಿಲ್ಲ.

ಬೆಸೆಯುವುದೋ ಬಿಡುವುದೋ, ನಿನ್ನಿಷ್ಟ.

ಇಂತಿ,
ಪೆಟ್ಟಿಗೆಯವನು

ವಿ.ಸೂ.: ಸಿನಿಮಾದವರಿಂದ ಮುಂಗಡ ಇನ್ನೂ ತೆಗೆದುಕೊಂಡಿಲ್ಲ.


ಇಪ್ಪತ್ತೊಂದನೇ ತಾರೀಖು, ಶುಕ್ರವಾರ
ಅದೇ ಮೇಜಿನಿಂದ

ಇನ್ನು ಮೌನಿ ಎನ್ನುವಂತಿಲ್ಲ, ಆದ್ದರಿಂದ ಬರೀ ಬಾಬಾ ಅವರಿಗೆ,

ಹಳದಿ!

ಆ ಪದ ಓದಿದವಳು ಕುರ್ಚಿಯಿಂದ ಎದ್ದೇಬಿಟ್ಟೆ. ಪತ್ರವನ್ನು ಮೇಜಿನ ಮೇಲಿಟ್ಟು, ಡ್ರಾಯರಿನ ಮುಚ್ಚಳ ತೆಗೆದು, ದೀಪ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ. ಹೌದು, ಹಳದಿಯೇ. ನನ್ನ ಮೊದಲ ಪತ್ರ ನಿಮ್ಮ ಹತ್ತಿರ ಇರಬೇಕು, ತೆಗೆದು ನೋಡಿ. ಸ್ಲೀವ್ ಎಂದಿದ್ದೇನೆಯೇ ಹೊರತು ಅದರ ಬಣ್ಣ ಬರೆದಿಲ್ಲ. ಬಿಚ್ಚಿದ್ದು ಯಾವ ಕಡೆಯ ತುದಿ ಎಂದೂ ಬರೆದಿಲ್ಲ. ನೀವು ಊಹೆಯ ಮೇಲೆ ಬರೆದಿದ್ದರೆ ಅಜ್ಜನ ನಿಯಮದಂತೆ ಕೆಂಪು ಎನ್ನಬೇಕಿತ್ತು. ಈ ಅಂಗಡಿಯಲ್ಲಿ ಬಿಚ್ಚಿದ ತಂತಿಗೆ ಹಳದಿ ಹಾಕಿದ್ದನ್ನು ನಾನು ಕಂಡದ್ದು ಇದೊಂದೇ ಸಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕಳ್ಳ ಎಂದೂ ಅಂದಿರಲಿಲ್ಲ!

ಹಳದಿ ಯಾಕೆ ಎಂದೂ ತಿಳಿಯಿತು. ಡ್ರಾಯರಿನ ಆ ಮೂಲೆಯ ತಂತಿಗಳೆಲ್ಲ ಹಳದಿ. ಕೆಂಪು ಹಾಕಿದ್ದರೆ ಅಜ್ಜ ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಹಳದಿಯಲ್ಲಿ ಹಳದಿ ಸೇರಿಹೋಯಿತು. ಅಂದರೆ ನೀವು ಆ ವಾಲ್ವನ್ನು ಎಲ್ಲಿಂದಲೋ ಹುಡುಕಿ ತಂದಿದ್ದಿರಿ, ಹಾಕಿದ್ದಿರಿ, ಡ್ರಾಯರು ಎದ್ದೂ ಇತ್ತು. ಎದ್ದದ್ದನ್ನು ಅಜ್ಜನಿಗೆ ಹೇಳಿದ್ದರೆ ಮರುದಿನವೇ ನಾನು ಚೀಲ ಹಿಡಿದು ಹೊರಡಬೇಕಿತ್ತು. ಅದಕ್ಕೇ ಒಂದು ತಂತಿ ಬಿಚ್ಚಿಟ್ಟು, “ವಾಲ್ವು ಸಿಗ್ತಿಲ್ಲ” ಎಂದು ಹೇಳಿಕೊಂಡು ತಿರುಗಿದಿರಿ. ಅಜ್ಜನ ಎದುರು ತಲೆಯೆತ್ತಿ ಮಾತಾಡಲೂ ಹೆದರುತ್ತಿದ್ದ ನೀವು, ಅವರ ಕಣ್ಣೆದುರಿಗೇ ಅವರ ಯಂತ್ರ ಕೆಡಿಸಿಟ್ಟಿರಿ. ನನ್ನ ಅನುಮಾನದ ಪಟ್ಟಿಯಲ್ಲಿ ಇಲಿಗೂ ಜಾಗವಿತ್ತು, ನಿಮಗಿರಲಿಲ್ಲ.

ನೀವು ಸಿಕ್ಕಿಬಿದ್ದ ಬಗೆ ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮುಚ್ಚಿಡಬೇಕೆಂದಿದ್ದರೆ ಸುಮ್ಮನಿದ್ದರೆ ಸಾಕಿತ್ತು, ಆ ವಿದ್ಯೆ ನಿಮಗೆ ಕರಗತ. ಗೊತ್ತಿಲ್ಲ ಎಂದು ಬರೆದು ಅಲ್ಲಿಗೇ ಪತ್ರ ಮುಗಿಸಬಹುದಿತ್ತು. ಆದರೆ ನನ್ನ ಕೈಗೆ ಶಾಕ್ ಹೊಡೆದೀತು ಎಂಬ ಭಯ ನಿಮ್ಮ ಬಾಯಿ ಬಿಡಿಸಿತು. ಅದನ್ನು ಓದಿ ನನಗೆ ಅಳು ಬಂತು. ಒಂದು ಕೈ ಬೆನ್ನ ಹಿಂದಿಟ್ಟುಕೊಂಡೇ ಅತ್ತಿದ್ದೇನೆ, ಚಿಂತೆ ಬೇಡ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಅದನ್ನೂ ಬರೆಯುತ್ತೇನೆ, ಒಂದು ಬರೆದು ಇನ್ನೊಂದು ಬಿಟ್ಟರೆ ಲೆಕ್ಕ ತಪ್ಪುತ್ತದೆ. ನನ್ನನ್ನು ಒಂದು ಮಾತು ಕೇಳದೆ ನನ್ನನ್ನು ಇಲ್ಲೇ ಉಳಿಸಿಕೊಂಡಿರಲ್ಲ? ನಾನು ಹೋಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆನೋ, ಏನಾಗುತ್ತಿದ್ದೆನೋ. ನಾನು ಉಳಿಯುತ್ತಿದ್ದೆ, ಅದು ಬೇರೆ ಮಾತು. ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಆದರೆ ನೀವು ಕೇಳಲಿಲ್ಲ. ಮದುವೆಯಾದ ಮೇಲಾದರೂ ಹೇಳಬಹುದಿತ್ತು. ಅಜ್ಜ ಹೋದ ಮೇಲಾದರೂ ಬೆಸೆಯಬಹುದಿತ್ತು. ಅದೊಂದು ರಿಪೇರಿ ಆಗಲಿಲ್ಲ ಎಂದು ನಾನು ಬಂದವರೆದುರಿಗೆಲ್ಲ ಚುಡಾಯಿಸುವಾಗ ನೀವು ಹಲ್ಲು ಕಚ್ಚಿ ಕುಳಿತಿರಿ. ಮಾತು ಬೆಳ್ಳಿ, ಮೌನ ಬಂಗಾರ, ಸರಿ. ಆದರೆ ಮನೆ ತುಂಬ ಬರೀ ಬಂಗಾರವಿದ್ದು ಸಂತೆಗೆ ಒಂದು ಚಿಲ್ಲರೆ ನಾಣ್ಯ ಇಲ್ಲದಿದ್ದರೆ ನಾನು ಹೇಗೆ ಸಂಸಾರ ಮಾಡಲಿ?

ನಾನು ಇರ್ಲಾ, ಹೋಗ್ಲಾ ಎಂದು ಕೇಳಿದ್ದು ಇದಕ್ಕೇ. ನನಗೆ ಬೇಕಿದ್ದದ್ದು ಒಂದೇ ಪದ. ನೀವು ‘ನಿನ್ನಿಷ್ಟ’ ಎಂದಿರಿ. ಇವರಿಗೆ ನಾನು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ ಎಂದುಕೊಂಡೆ. ಆ ಹೊತ್ತಿನಲ್ಲಿ ನನ್ನ ಪ್ರಶ್ನೆಗೆ ಉತ್ತರ ಇದೇ ಮೇಜಿನ ಮೇಲೆ, ನನ್ನ ಮೊಣಕೈಯ ಹತ್ತಿರ, ಮುಚ್ಚಳದೊಳಗೆ ಮಡಿಸಿಕೊಂಡು ಮಲಗಿತ್ತು. ಅದನ್ನು ಬಿಚ್ಚಿಟ್ಟ ಆ ವಯಸ್ಸಿನಲ್ಲಿ ನಿಮ್ಮಿಷ್ಟ ಏನೆಂದು ನಿಮಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಯಾವಾಗ ಮರೆತಿರಿ ಎಂದು ತಿಳಿಯುವ ಕುತೂಹಲವಿದೆ.

ನಾನೂ ಒಂದು ಬಿಟ್ಟುಹೋದ ಸಾಲು ತುಂಬಿಸಬೇಕು. ಅಣ್ಣ ಡ್ರಾಯರನ್ನು ಮೇಜಿಗೆ ಸೇರಿಸಿದಾಗ ನಾನು ಸುಮ್ಮನಿದ್ದದ್ದು ಸಿಟ್ಟಿನಿಂದಲ್ಲ. ಈಗಲಾದರೂ ನೀವು “ಅದು ಸ್ಕೋಪಿಂದು, ಬೇರೆ ಮಾಡ್ಬೇಡಿ” ಎಂದು ಬಾಯಿಬಿಡುತ್ತೀರೇನೋ ಎಂದು ಕಾದೆ. ನೀವು ಗೋಡೆ ನೋಡುತ್ತಾ ಏನು ಕಾಯುತ್ತಿದ್ದಿರಿ? ಅದೇ ಮಾತು ನನ್ನ ಬಾಯಿಂದ ಬರಲೆಂದೇ? ಇಬ್ಬರೂ ಕಾದು ಕಾದು ಒಳ್ಳೆಯ ಯಂತ್ರವೊಂದನ್ನು ಎರಡು ಊರಿಗೆ ಹಂಚಿಬಿಟ್ಟೆವು.

ಈಗ ಸಾಮಾನಿನ ವಿಷಯ. ಪೆಟ್ಟಿಗೆ ಮಾರುವುದೋ ಬಿಡುವುದೋ ನಿಮ್ಮಿಷ್ಟ ಎಂದು ನಾನು ಬರೆಯುವುದಿಲ್ಲ. ನನ್ನಿಷ್ಟ ಬರೆಯುತ್ತೇನೆ: ಮಾರಬೇಡಿ. ಮುಂಗಡದ ವಿ.ಸೂ. ಓದಿದೆ. ಅದನ್ನು ಪತ್ರದ ಬಾಲಕ್ಕೆ ಕಟ್ಟುವ ಬದಲು ತಲೆಯಲ್ಲೇ ಬರೆಯಬಹುದಿತ್ತು, ಇರಲಿ, ನಿಮ್ಮ ಮಟ್ಟಿಗೆ ಅದು ದೊಡ್ಡ ಭಾಷಣ. ಆ ಕಡೇ ಭಾನುವಾರ ಗುಜರಿ ಅಕ್ಕನ ಗಾಡಿ ನಿಮ್ಮ ಊರಿನ ಕಡೆ ಬರುತ್ತದೆ. “ಹೋಗ್ತಾ ಖಾಲಿ ಹೋಗುತ್ತೆ, ಬರ್ತಾ ಪೆಟ್ಟಿಗೆ ಹಾಕ್ಕೊಂಡ್ರಾಯ್ತು. ನಿಮ್ಮ ಜೊತೆಗೆ ಇನ್ನೊಬ್ರಿಗೆ ಕೂರೋಕೆ ಜಾಗನೂ ಇದೆ” ಎಂದಿದ್ದಾರೆ. ಆ ಇನ್ನೊಬ್ಬರು ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಿನಿಮಾದವರು ಬರುವ ಮೊದಲೇ ಬಂದಿರುತ್ತೇನೆ. ಡ್ರಾಯರು ಎರಡನ್ನೂ ತರುತ್ತೇನೆ. ಪೆಟ್ಟಿಗೆಯ ಮೇಲಿನ ಚಹಾ ಲೋಟ ತೆಗೆದು, ಕಲೆ ಒರೆಸಿಡಿ.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಎಷ್ಟೋ ದಿನ ಆರಿದ್ದನ್ನು ಒಮ್ಮೆಲೇ ಹಚ್ಚಬಾರದು, ದಿನಕ್ಕಿಷ್ಟು ಎಂದು ಏರಿಸಬೇಕು. ಭಾನುವಾರ ನಾನು ನಿಮ್ಮನ್ನು ಅದೇ ಮಾತು ಇನ್ನೊಮ್ಮೆ ಕೇಳುತ್ತೇನೆ. ಉತ್ತರ ಸಿದ್ಧ ಮಾಡಿಟ್ಟುಕೊಳ್ಳಿ. ‘ನಿನ್ನಿಷ್ಟ’ ಎಂದರೆ ಪೆಟ್ಟಿಗೆಯನ್ನು ಮಾತ್ರ ಗಾಡಿಗೆ ಹಾಕಿಸಿಕೊಂಡು ಬರುತ್ತೇನೆ.

ಇಂತಿ ನಿಮ್ಮ,
ತನಿಖಾಧಿಕಾರಿ

ವಿ.ಸೂ.: ಪರೀಕ್ಷೆ ಮಾಡದೆ ಬಿಡುವವಳಲ್ಲ ನಾನು. ನಿನ್ನೆ ಕರೆಂಟು ತೆಗೆದು, ಕಂಡೆನ್ಸರು ಖಾಲಿ ಮಾಡಿ, ಆ ತಂತಿಯನ್ನು ಅದರ ಜಾಗಕ್ಕೆ ಬೆಸೆದೆ. ಸಿಗ್ನಲ್ಲು ಕೊಟ್ಟೆ, ಮುಳ್ಳು ಎದ್ದು ನಿಂತಿತು. ಎರಡನೇ ಡ್ರಾಯರ್ ಒಂದನೆಯದಕ್ಕಿಂತ ಚೆನ್ನಾಗಿದೆ. ಆದರೆ ಅದು ಸರಿಯಾದರೆ ಪಕ್ಕದಲ್ಲಿ ಇನ್ನೊಬ್ಬರು ನಿಲ್ಲಬೇಕಾಗುವುದಿಲ್ಲವಲ್ಲ. ಅದಕ್ಕೇ ಮತ್ತೆ ಬಿಚ್ಚಿ, ಮಡಿಸಿ ಇಟ್ಟಿದ್ದೇನೆ. ಈ ಸಲ ಕೆಂಪು ಸ್ಲೀವ್ ಹಾಕಿದ್ದೇನೆ.